ದ್ವೀಪದ ಕಾವಲು ಯಾರ ಪಟ್ಟಿಯಂತೆ?

ದಂಡಸಂಹಿತೆಯ ಯಾವ ಪುಟದಲ್ಲೂ ಕಾಣಸಿಗದ ಅಪರಾಧವೊಂದು ಲಕ್ಷದ್ವೀಪದಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. ಇಲಿ ಬೇಟೆಗೆ ಬಾರದೆ ಮನೆಯಲ್ಲಿ ಕುಳಿತುಕೊಳ್ಳುವುದೇ ಆ ಅಪರಾಧ. ದ್ವೀಪದ ಹಿರಿಯರು ದಿನ ಗೊತ್ತುಮಾಡಿ ಕರೆ ಕೊಟ್ಟರೆಂದರೆ ಮೈಯಲ್ಲಿ ಕಸುವಿರುವ ಗಂಡಸರೆಲ್ಲ ದೊಣ್ಣೆ ಹಿಡಿದು ತೋಟದಲ್ಲಿ ಸೇರಬೇಕು. ಮರ ಹತ್ತುವವರು ತೆಂಗಿನ ಸುಳಿಯಲ್ಲಿ ಗೂಡು ಕಟ್ಟಿದ ಇಲಿಗಳನ್ನು ಕೆಳಕ್ಕೆ ಓಡಿಸಬೇಕು, ಕೆಳಗಿದ್ದವರು ಹೊಡೆದು ಕೊಲ್ಲಬೇಕು. ಬಾರದವನಿಗೆ ದಂಡ. ಹೊರಗಿನವರಿಗೆ ಇದು ನಗೆಪಾಟಲಿನ ಸಂಗತಿಯಾಗಿ ಕಾಣಬಹುದು. ಆದರೆ ತೆಂಗನ್ನು ಬಿಟ್ಟರೆ ಬೇರೆ ಬೆಳೆ ಹೆಚ್ಚೇನೂ ಇಲ್ಲದ ಹವಳದ ದಿಬ್ಬದ ಮೇಲೆ ಇಲಿ ತಿಂದ ಒಂದೊಂದು ಕಾಯಿಯೂ ಮಳೆಗಾಲದ ಒಂದೊಂದು ತುತ್ತು ಅಕ್ಕಿಗೆ ಸಮ. ಹಾಗಾಗಿ ಅಲ್ಲಿ ಕಳ್ಳನಿಗಿಂತ ಇಲಿಯ ಭಯವೇ ದೊಡ್ಡದು.

ಒಂದು ಊರು ಯಾವುದನ್ನು ತಪ್ಪೆಂದು ಎಣಿಸುತ್ತದೆ, ಯಾವುದನ್ನು ಮೊದಲು ತಡೆಯಬೇಕೆಂದು ಬಯಸುತ್ತದೆ ಎಂಬುದು ಆ ಊರಿನ ಬದುಕನ್ನು ಅವಲಂಬಿಸಿದೆ. ಇಂದಿನ ಭಾಷೆಯಲ್ಲಿ ಇದಕ್ಕೆ 'ಸಮುದಾಯ ಪೊಲೀಸಿಂಗ್' ಎಂಬ ಹೆಸರಿದೆ. ಪೊಲೀಸರು ಜನರನ್ನು ಕೇಳಿ ತಮ್ಮ ಕೆಲಸದ ಆದ್ಯತೆಗಳನ್ನು ನಿರ್ಧರಿಸಬೇಕು ಎಂಬುದು ಅದರ ತಿರುಳು. ಮಾತು ಹೊಸದು, ಪ್ರಶ್ನೆ ಹಳೆಯದು. ನೆಲದಿಂದ ನೂರಾರು ಕಿಲೋಮೀಟರ್ ದೂರದ ದ್ವೀಪದಲ್ಲಂತೂ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಕಾವಲುಗಾರನ ಕೈಗೆ ಕೆಲಸದ ಪಟ್ಟಿ ಕೊಡುವವರು ಯಾರು? ಅಲ್ಲೇ ಬಾಳುವವರೋ, ದೂರದಲ್ಲಿ ಕುಳಿತ ಸರ್ಕಾರವೋ? ಲಕ್ಷದ್ವೀಪದ ಇನ್ನೂರೈವತ್ತು ವರ್ಷಗಳ ಇತಿಹಾಸವನ್ನು ಈ ಒಂದು ಪ್ರಶ್ನೆಯ ಸುತ್ತ ಓದಬಹುದು.

ಮಂಗಳೂರಿನ ನಂಟು

ಲಕ್ಷದ್ವೀಪವೆಂದರೆ 36 ದ್ವೀಪಗಳು, ಅವುಗಳಲ್ಲಿ ಜನವಸತಿ ಇರುವುದು 10ರಲ್ಲಿ. ಒಟ್ಟು ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ 64 ಸಾವಿರ ದಾಟಿತ್ತು. ಇದು ಕೇರಳಕ್ಕೆ ಸೇರಿದ ಸಂಗತಿ ಎಂದೇ ನಮ್ಮಲ್ಲಿ ಅನೇಕರ ಭಾವನೆ. ಆದರೆ ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅಮಿಂದಿವಿ ದ್ವೀಪಗಳೆಂದು ಕರೆಯಲಾಗುತ್ತಿದ್ದ ಇವುಗಳ ಆಡಳಿತ ನಡೆಯುತ್ತಿದ್ದುದು ಸುಮಾರು 300 ಕಿಲೋಮೀಟರ್ ದೂರದ ಮಂಗಳೂರಿನ ಕಲೆಕ್ಟರರ ಕಚೇರಿಯಿಂದ. ಮಂಗಳೂರಿನ ಹಳೆ ಬಂದರಿನ ದಕ್ಕೆಗೂ ಈ ದ್ವೀಪಗಳಿಗೂ ನಡುವೆ ಅಕ್ಕಿ, ತೆಂಗಿನಕಾಯಿ, ಕೊಬ್ಬರಿ, ನಾರಿನ ಹುರಿಗಳನ್ನು ಹೊತ್ತ ಮಂಜಿಗಳು ತಲೆಮಾರುಗಳಿಂದ ಓಡಾಡಿವೆ.

ಈ ನಂಟಿನ ಮೂಲದಲ್ಲೇ ಒಂದು ದೂರು ಇದೆ. ಹದಿನೆಂಟನೆಯ ಶತಮಾನದಲ್ಲಿ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದವು. ನಾರಿನ ಹುರಿಯನ್ನು ದೊರೆಗಲ್ಲದೆ ಬೇರೆ ಯಾರಿಗೂ ಮಾರುವಂತಿರಲಿಲ್ಲ. ದೊರೆಯ ಕಡೆಯವರು ಗೊತ್ತುಮಾಡಿದ ಬೆಲೆಯೇ ಬೆಲೆ. ಅವರ ಅಧಿಕಾರಿಗಳ ಕಾಟದಿಂದ ಬೇಸತ್ತ ಅಮಿನಿಯ ಜನರು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಆತ ಅಮಿನಿ ಗುಂಪಿನ ದ್ವೀಪಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕೆನರಾದೊಡನೆ ಬಂದ ದ್ವೀಪಗಳಾದ್ದರಿಂದ ಮಂಗಳೂರಿನ ಕೈಕೆಳಗೆ ಉಳಿದವು.

ದಕ್ಷಿಣದ ಆಂಡ್ರೋತ್, ಕಲ್ಪೇನಿ, ಕವರತ್ತಿ, ಅಗತ್ತಿ ಮತ್ತು ಮಿನಿಕಾಯ್ ದ್ವೀಪಗಳ ಕಥೆ ಬೇರೆ. 1847ರಲ್ಲಿ ಭೀಕರ ಚಂಡಮಾರುತ ಆಂಡ್ರೋತ್ತಿಗೆ ಅಪ್ಪಳಿಸಿತು. ಪರಿಹಾರ ಕಾರ್ಯಕ್ಕೆ ಕಂಪನಿ ಕೊಟ್ಟ ಸಾಲ, ಅದರ ಮೇಲಿನ ಬಡ್ಡಿ ಬೆಳೆದು ಬೆಟ್ಟವಾಗಿ, ಕೊನೆಗೆ ಆ ದ್ವೀಪಗಳ ಆಡಳಿತವೂ ಕಂಪನಿಯ ಕೈಸೇರಿತು. ಅವು ಮಲಬಾರ್ ಜಿಲ್ಲೆಯ ಕೋಯಿಕ್ಕೋಡಿಗೆ ಸೇರಿದವು. ಹೀಗೆ ಒಂದೇ ದ್ವೀಪಸಮೂಹಕ್ಕೆ ಇಬ್ಬರು ಕಲೆಕ್ಟರರು, ಎರಡು ಕಚೇರಿಗಳು.

ಮಣೆಗಾರನೂ ಹಿರಿಯರೂ

ಮೇ ಮಧ್ಯದಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಅಬ್ಬರದಲ್ಲಿ ಹಾಯಿ ದೋಣಿಗಳು ಕಡಲಿಗೆ ಇಳಿಯುವಂತಿರಲಿಲ್ಲ. ಆ ನಾಲ್ಕು ತಿಂಗಳು ದ್ವೀಪ ತನ್ನ ಪಾಡಿಗೆ ತಾನು. ಕೊಲೆಯಾಗಲಿ, ಕಳವಾಗಲಿ, ಸುದ್ದಿ ಮಂಗಳೂರು ತಲುಪಬೇಕಾದರೆ ಗಾಳಿ ತಿರುಗಬೇಕು. ಹೀಗಿರುವಾಗ ದೊಡ್ಡ ಊರಿನ ರೀತಿಯಲ್ಲಿ ಠಾಣೆ, ದಾರೋಗ, ಪೇದೆ ಎಂದು ವ್ಯವಸ್ಥೆ ಮಾಡುವುದು ದುಬಾರಿಯೂ ಹೌದು, ನಿರರ್ಥಕವೂ ಹೌದು ಎಂದು ಕಂಪನಿಗೂ ಅನಂತರದ ಬ್ರಿಟಿಷ್ ಸರ್ಕಾರಕ್ಕೂ ಬೇಗನೆ ಮನವರಿಕೆಯಾಯಿತು.

ಅವರು ಕಂಡುಕೊಂಡ ದಾರಿ ಮಿತವ್ಯಯದ್ದು. ಅಮಿಂದಿವಿ ದ್ವೀಪಗಳಿಗೆ ಒಬ್ಬ ಮಣೆಗಾರ. ಕಂದಾಯ ವಸೂಲಿ ಅವನದೇ, ಸಣ್ಣಪುಟ್ಟ ವ್ಯಾಜ್ಯಗಳ ತೀರ್ಮಾನವೂ ಅವನದೇ. ಮಲಬಾರ್ ಕಡೆಯ ದ್ವೀಪಗಳಲ್ಲಿ ಇಂಥ ಅಧಿಕಾರಿಗೆ ಅಮೀನ ಎಂಬ ಹೆಸರು ನಿಂತಿತು. ಲೆಕ್ಕಪತ್ರಕ್ಕೆ ಕರಣಿಕ. ತೀರ್ಪು ಕೊಡುವಾಗ ಮಣೆಗಾರನ ಜೊತೆಗೆ ದ್ವೀಪದ ಪ್ರಮುಖ ಮನೆತನಗಳ ಹಿರಿಯರು ಕೂರಬೇಕು. ಗುರುತರ ಅಪರಾಧಗಳು ಮಾತ್ರ ಹಾಯಿ ಬಿಚ್ಚುವ ಕಾಲಕ್ಕೆ ಕಾದು ನೆಲಕ್ಕೆ ಹೋಗುತ್ತಿದ್ದವು. ಅನುಕೂಲದ ಹವೆಯಲ್ಲಿ ಮೇಲಿನ ಅಧಿಕಾರಿಯೊಬ್ಬರು ತನಿಖೆಯ ಪ್ರವಾಸಕ್ಕೆ ಬಂದು, ಕೂಡಿಬಿದ್ದ ದೂರುಗಳನ್ನು ಕೇಳಿ, ಮರಳುತ್ತಿದ್ದರು. ಮಲಬಾರಿಗೆ ಸೇರಿದ ದ್ವೀಪಗಳಿಗೂ ಮಿನಿಕಾಯ್‌ಗೂ 1912ರಲ್ಲಿ ಪ್ರತ್ಯೇಕ ನಿಯಮಾವಳಿ ಹೊರಟು ಅಮೀನ ಮತ್ತು ಹಿರಿಯರ ಈ ಪದ್ಧತಿಗೆ ಕಾನೂನಿನ ಅಧಿಕೃತ ಮುದ್ರೆ ಬಿತ್ತು.

ಕನ್ನಡ ನಾಡಿನ ಹಳ್ಳಿಗಳನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವಲ್ಲ. ಪಟೇಲ, ಶಾನುಭೋಗ, ತಳವಾರ ಎಂಬ ಮೂವರ ಸುತ್ತ ನಡೆದುಹೋಗುತ್ತಿದ್ದ ಗ್ರಾಮದ ಕಾವಲಿನ ಕಡಲಿನ ರೂಪವೇ ಇದು. ತಳವಾರನಿಗೆ ಯಾವ ಹೊಲಕ್ಕೆ ಯಾರ ದನ ನುಗ್ಗುತ್ತದೆಂಬುದು ತಿಳಿದಿರುತ್ತಿತ್ತು. ಅದೇ ರೀತಿ ದ್ವೀಪದ ಹಿರಿಯನಿಗೆ ಯಾವ ಮರದ ಮೇಲೆ ಯಾರ ಗುರುತಿದೆ ಎಂಬುದು ತಿಳಿದಿರುತ್ತಿತ್ತು. ಒಂದೊಂದು ತೆಂಗಿನ ಮರಕ್ಕೂ ಅದರ ಒಡೆಯ ತನ್ನ ಗುರುತು ಕೆತ್ತುವ ವಾಡಿಕೆ ಅಲ್ಲಿತ್ತು. ಮಾತೃಮೂಲದ ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿದ್ದುದರಿಂದ, ಯಾವ ಮರ ಯಾವ ತರವಾಡಿಗೆ ಎಂಬ ಜಗಳವೇ ವ್ಯಾಜ್ಯಗಳ ದೊಡ್ಡ ಪಾಲು. ಅದನ್ನು ಬಿಡಿಸಲು ಕಾನೂನಿನ ಪುಸ್ತಕಕ್ಕಿಂತ ಮೂರು ತಲೆಮಾರುಗಳ ನೆನಪೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಹೀಗೆ ದ್ವೀಪದ ಪಟ್ಟಿಯಲ್ಲಿ ಇಲಿ, ತೆಂಗಿನಕಾಯಿಯ ಕಳವು, ಮರದ ಗುರುತು, ದೋಣಿ ಎಳೆಯುವ ಸಾಮೂಹಿಕ ಕೆಲಸ ಇತ್ಯಾದಿ ಮೇಲಿದ್ದವು. ಸರ್ಕಾರದ ಪಟ್ಟಿ ಬೇರೆಯೇ ಇತ್ತು. ಅದರ ಮೇಲ್ತುದಿಯಲ್ಲಿದ್ದುದು ನಾರಿನ ಹುರಿ. ಅರಕ್ಕಲ್ ದೊರೆಗಳ ಏಕಸ್ವಾಮ್ಯವನ್ನು ಕಂಪನಿ ರದ್ದುಮಾಡಲಿಲ್ಲ, ತಾನೇ ವಹಿಸಿಕೊಂಡಿತು. ದ್ವೀಪದವರು ಹುರಿಯನ್ನು ಸರ್ಕಾರಿ ಉಗ್ರಾಣಕ್ಕೆ ಒಪ್ಪಿಸಿ ಬದಲಿಗೆ ಅಕ್ಕಿ ಪಡೆಯಬೇಕು. ಎರಡರ ಬೆಲೆಯನ್ನೂ ಕಟ್ಟುವುದು ಸರ್ಕಾರವೇ. ಬೇರೆ ಬಂದರಿಗೆ ಕದ್ದು ಹುರಿ ಒಯ್ದವನು ಕಲೆಕ್ಟರರ ಕಣ್ಣಿಗೆ ಕಳ್ಳಸಾಗಣೆದಾರ. ಅವನ ನೆರೆಹೊರೆಯವರ ಕಣ್ಣಿಗೆ ಅವನು ತನ್ನ ಮನೆಯ ಹೆಂಗಸರು ಹೊಸೆದ ಹುರಿಗೆ ಒಳ್ಳೆಯ ಬೆಲೆ ಹುಡುಕಿದ ಸಂಸಾರಸ್ಥ. ಒಂದೇ ಕೆಲಸ ಒಂದು ಪಟ್ಟಿಯಲ್ಲಿ ಅಪರಾಧ, ಇನ್ನೊಂದರಲ್ಲಿ ಜಾಣತನ. ಮಣೆಗಾರನೆಂಬ ಮನುಷ್ಯ ಈ ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡವನು.

ಹಿರಿಯರ ಪಟ್ಟಿಯ ಹೊರಗಿನವರು

ಇಷ್ಟನ್ನು ಓದಿದರೆ, ದೂರದ ಸರ್ಕಾರ ಕೆಟ್ಟದ್ದು, ಊರಿನ ಹಿರಿಯರು ಒಳ್ಳೆಯವರು ಎಂಬ ಸರಳ ತೀರ್ಮಾನಕ್ಕೆ ಬರಬಹುದು. ಆದರೆ ಇತಿಹಾಸ ಅಷ್ಟು ಸರಳವಾಗಿಲ್ಲ.

ದ್ವೀಪದ ಸಮಾಜ ಒಂದೇ ಅಂಕಣದ್ದಾಗಿರಲಿಲ್ಲ. ಕೋಯ ಎನಿಸಿಕೊಂಡವರು ತೋಟಗಳ ಮತ್ತು ದೊಡ್ಡ ಹಾಯಿ ದೋಣಿಗಳ ಒಡೆಯರು. ಮಾಲುಮಿಗಳು ಆ ದೋಣಿಗಳನ್ನು ನಡೆಸುವ ನಾವಿಕರು. ಮೇಲಾಚ್ಚೇರಿಗಳು ಮರ ಹತ್ತಿ ಕಾಯಿ ಇಳಿಸುವ, ಒಡೆಯರ ಸರಕಿಗೆ ಹೆಗಲು ಕೊಡುವ ದುಡಿಮೆಗಾರರು. ಎಲ್ಲರೂ ಒಂದೇ ಮತದವರು, ಒಂದೇ ಮಸೀದಿಗೆ ಹೋಗುವವರು. ಆದರೂ ಮೇಲಾಚ್ಚೇರಿ ಕೊಡೆ ಹಿಡಿಯುವಂತಿರಲಿಲ್ಲ, ಚಪ್ಪಲಿ ಮೆಟ್ಟುವಂತಿರಲಿಲ್ಲ, ಸ್ವಂತಕ್ಕೆ ದೊಡ್ಡ ದೋಣಿ ಇಟ್ಟುಕೊಳ್ಳುವಂತಿರಲಿಲ್ಲ. ಮಣೆಗಾರನ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರಾದರೋ ಕೋಯ ಮನೆತನಗಳವರು.

ಅಂದಮೇಲೆ ಕೊಡೆ ಹಿಡಿದ ಮೇಲಾಚ್ಚೇರಿಯ ದೂರನ್ನು ಕೇಳುವವರು ಯಾರು? ಅವನು ಕೊಡೆ ಹಿಡಿದದ್ದೇ ಅಪರಾಧವೆಂದು ಸಭೆ ತೀರ್ಮಾನಿಸಬಹುದಾಗಿತ್ತು. ಇಲಿ ಬೇಟೆಗೆ ಎಲ್ಲರನ್ನೂ ಸಮನಾಗಿ ಕರೆದ ಅದೇ ಪಟ್ಟಿ, ಮರ್ಯಾದೆಯ ವಿಷಯದಲ್ಲಿ ಕೆಲವರನ್ನು ಮಾತ್ರ ಕಾಯುತ್ತಿತ್ತು. ಇಂಥ ನಿರ್ಬಂಧಗಳ ವಿರುದ್ಧ ದುಡಿಮೆಗಾರರು ತಿರುಗಿಬಿದ್ದಾಗ ಅವರಿಗೆ ಆಸರೆಯಾಗಬಹುದಾಗಿದ್ದುದು ವರ್ಷಕ್ಕೊಮ್ಮೆ ಬರುವ ಹೊರಗಿನ ಅಧಿಕಾರಿ. ಅವನಿಗೆ ದ್ವೀಪದ ಬಗ್ಗೆ ತಿಳಿವಳಿಕೆ ಕಡಿಮೆ. ಆದರೆ ಅವನು ಯಾರ ಅಳಿಯನೂ ಅಲ್ಲ, ಯಾರ ಗೇಣಿದಾರನೂ ಅಲ್ಲ. ಬಲವಿಲ್ಲದವನ ಪಾಲಿಗೆ ಅದೇ ಅವನ ಯೋಗ್ಯತೆ.

ಕುತೂಹಲದ ಸಂಗತಿಯೆಂದರೆ ದಕ್ಷಿಣದ ತುದಿಯ ಮಿನಿಕಾಯ್‌ನಲ್ಲಿ ಬೇರೊಂದು ಮಾದರಿ ಬೆಳೆದಿತ್ತು. ಮಾಲ್ದೀವಿಗೆ ಹತ್ತಿರದ ಭಾಷೆಯಾಡುವ ಈ ದ್ವೀಪ ಹಲವು ಹಳ್ಳಿಗಳಾಗಿ ಹಂಚಿಕೊಂಡಿದೆ. ಪ್ರತಿ ಹಳ್ಳಿಗೂ ಒಬ್ಬ ಮುಖ್ಯಸ್ಥ, ಜೊತೆಗೆ ಹೆಂಗಸರಿಗೆ ಅವರದೇ ಒಬ್ಬ ಮುಖ್ಯಸ್ಥೆ. ಸಮುದಾಯದ ಮಾತು ಎಂದಾಗ ಯಾರ ಮಾತು ಎಂದು ಕೇಳಬೇಕೆಂಬುದು ಅಲ್ಲಿಯವರಿಗೆ ಮೊದಲೇ ಹೊಳೆದಿದ್ದಂತೆ ಕಾಣುತ್ತದೆ.

ಠಾಣೆ ಬಂದಿತು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು, ಮಲಬಾರ್ ಕೇರಳಕ್ಕೆ. ದ್ವೀಪಗಳನ್ನೆಲ್ಲ ಒಟ್ಟುಗೂಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಆಡಳಿತದ ಕಚೇರಿ 1964ರಲ್ಲಿ ಕೋಯಿಕ್ಕೋಡಿನಿಂದ ಕವರತ್ತಿಗೆ ಸ್ಥಳಾಂತರಗೊಂಡಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. 1965ರ ನಿಯಮಾವಳಿಯ ಮೂಲಕ ಭಾರತೀಯ ದಂಡಸಂಹಿತೆಯೇ ಮೊದಲಾದ ದೇಶದ ಕಾನೂನುಗಳು 1967ರ ಅಕ್ಟೋಬರ್ 1ರಿಂದ ಇಲ್ಲಿ ಜಾರಿಗೆ ಬಂದವು. ಅಮೀನರ ಕಾಲ ಮುಗಿಯಿತು. ಭೂ ಕಂದಾಯ ಮತ್ತು ಗೇಣಿಯ ಶಾಸನ ಬಂದು ಮರ ಹತ್ತುವವನಿಗೂ ನೆಲದ ಮೇಲೆ ಹಕ್ಕು ಸಿಗುವ ದಾರಿ ತೆರೆಯಿತು. ಶಾಲೆ, ಸರ್ಕಾರಿ ನೌಕರಿ, ಹಡಗಿನ ಸಂಚಾರ ಬಂದ ಮೇಲೆ ಕೊಡೆ-ಚಪ್ಪಲಿಯ ನಿರ್ಬಂಧಗಳು ತಾವಾಗಿ ಸಡಿಲಗೊಂಡವು. ಹಿರಿಯರ ಸಭೆ ಮಾಡಲಾರದ ಕೆಲಸವನ್ನು ದೂರದ ಶಾಸನ ಮಾಡಿತೆಂಬುದನ್ನು ಒಪ್ಪಲೇಬೇಕು.

ಠಾಣೆಗಳು ಬಂದವು. ಅವುಗಳ ಕೆಲಸ ಮಾತ್ರ ನೆಲದ ಠಾಣೆಗಳಂತೆ ಇರಲಿಲ್ಲ. ದ್ವೀಪವಾಸಿಗಳಲ್ಲದವರು ಪರವಾನಗಿ ಇಲ್ಲದೆ ಬರುವಂತಿಲ್ಲವೆಂಬ ನಿಯಮ 1967ರಲ್ಲಿ ಬಂದದ್ದರಿಂದ ಹಡಗಿನಿಂದ ಇಳಿದವರ ಕಾಗದ ನೋಡುವುದು ಪೊಲೀಸರ ನಿತ್ಯದ ಕೆಲಸವಾಯಿತು. ಜನವಸತಿಯ ದ್ವೀಪಗಳಲ್ಲಿ ಪಾನನಿಷೇಧ ಇದ್ದುದರಿಂದ ಸಾಮಾನಿನ ಮೇಲೆ ಕಣ್ಣಿಡುವುದು ಇನ್ನೊಂದು. ಈ ಎರಡನ್ನೂ ದ್ವೀಪದ ಜನ ತಮ್ಮ ಬೇಡಿಕೆಯೆಂದೇ ಭಾವಿಸಿದ್ದರು. ಇಲ್ಲಿ ಮಾತ್ರ ಸರ್ಕಾರದ ಪಟ್ಟಿ, ಊರಿನ ಪಟ್ಟಿ ಒಂದಾಗಿದ್ದವು. ರಾಷ್ಟ್ರದ ಅಪರಾಧ ದಾಖಲೆಗಳಲ್ಲಿ ಲಕ್ಷದ್ವೀಪ ವರ್ಷ ವರ್ಷವೂ ಅತ್ಯಂತ ಕಡಿಮೆ ಪ್ರಕರಣಗಳ ಪ್ರದೇಶಗಳಲ್ಲಿ ಒಂದಾಗಿ ಉಳಿಯಲು ಈ ಹೊಂದಾಣಿಕೆಯೂ ಒಂದು ಕಾರಣ. ಓಡಿಹೋಗಲು ಜಾಗವಿಲ್ಲದಿರುವುದು ಇನ್ನೊಂದು.

ಹಾಗೆಂದು ದ್ವೀಪದಲ್ಲಿ ಅಪರಾಧವೇ ಇಲ್ಲ ಎನ್ನುವುದು ಅತಿಶಯೋಕ್ತಿ. 2009ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಆಂಡ್ರೋತ್ತಿನಲ್ಲಿ ನಡೆದ ಹಲ್ಲೆಯ ಪ್ರಕರಣದಲ್ಲಿ ಕವರತ್ತಿಯ ಸೆಷನ್ಸ್ ನ್ಯಾಯಾಲಯ 2023ರ ಜನವರಿಯಲ್ಲಿ ಆಗಿನ ಸಂಸದರೂ ಸೇರಿದಂತೆ ನಾಲ್ವರಿಗೆ 10 ವರ್ಷಗಳ ಸಜೆ ವಿಧಿಸಿತ್ತು. ಕೇರಳ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ರಾಜಕೀಯದ ಹಗೆ ಸಣ್ಣ ಊರಿನಲ್ಲಿ ದೊಡ್ಡ ಊರಿಗಿಂತ ಹೆಚ್ಚು ಬೇಯುತ್ತದೆಂಬುದಕ್ಕೆ ಇದೊಂದು ಉದಾಹರಣೆ.

ಕಡಲಿನ ಕಡೆಗೆ ತಿರುಗಿದ ಕಣ್ಣು

ಹೊಸ ಶತಮಾನದಲ್ಲಿ ಅಪಾಯದ ದಿಕ್ಕು ಬದಲಾಯಿತು. 2008ರ ಮುಂಬೈ ದಾಳಿಯ ಅನಂತರ ದೇಶದ ಕರಾವಳಿಯ ಮೇಲೆಲ್ಲ ಎಚ್ಚರದ ಕಣ್ಣು ಬಿತ್ತು. ಸೊಮಾಲಿಯದ ಕಡಲ್ಗಳ್ಳರು ಲಕ್ಷದ್ವೀಪದ ಆಸುಪಾಸಿಗೂ ಬಂದರು. 2011ರ ಜನವರಿಯಲ್ಲಿ ಅವರ ವಶದಲ್ಲಿದ್ದ ಪ್ರಾಂತಲೇ-14 ಎಂಬ ದೋಣಿಯನ್ನು ಭಾರತೀಯ ನೌಕಾಪಡೆ ಇಲ್ಲಿಯ ಸಮುದ್ರದಲ್ಲೇ ಮುಳುಗಿಸಿತು. 2012ರಲ್ಲಿ ಕವರತ್ತಿಯಲ್ಲಿ, 2024ರಲ್ಲಿ ಮಿನಿಕಾಯ್‌ನಲ್ಲಿ ನೌಕಾನೆಲೆಗಳು ಆರಂಭವಾದವು. 2021ರ ಮಾರ್ಚ್‌ನಲ್ಲಿ ಶ್ರೀಲಂಕಾದ ಮೀನುಗಾರಿಕಾ ದೋಣಿಯೊಂದರಲ್ಲಿ ಸುಮಾರು 300 ಕಿಲೋ ಹೆರಾಯಿನ್, ಐದು ಎಕೆ-47 ಬಂದೂಕುಗಳು ಸಿಕ್ಕಿದವು. ಕಡಲಿನೊಳಗಿನ ಜೀವಿಗಳಿಗೂ ಕಾವಲು ಬೇಕಾಯಿತು. ಹೊರದೇಶಗಳಲ್ಲಿ ಭಾರಿ ಬೆಲೆಯಿರುವ ಸಮುದ್ರಸೌತೆ ಎಂಬ ಜೀವಿಯ ಕಳ್ಳಬೇಟೆ ಹೆಚ್ಚಿ, 2020ರಲ್ಲಿ ಅದಕ್ಕಾಗಿಯೇ ಒಂದು ಸಂರಕ್ಷಣಾ ಪ್ರದೇಶವನ್ನು ಘೋಷಿಸಲಾಯಿತು. ಜಗತ್ತಿನಲ್ಲಿ ಈ ಬಗೆಯ ಮೊದಲ ಸಂರಕ್ಷಣಾ ಪ್ರದೇಶ ಅದು.

ಇವೆಲ್ಲ ನಿಜವಾದ ಅಪಾಯಗಳು. ಆದರೆ ಇವುಗಳಲ್ಲಿ ಬಹುಪಾಲು ದ್ವೀಪದ ಒಳಗೆ ಹುಟ್ಟಿದವಲ್ಲ, ಹೊರಗಿನಿಂದ ಹಾದುಹೋಗುವಂಥವು. ಅವನ್ನು ಮೊದಲು ಕಾಣುವವನು ಬೆಳಗಿನ ಜಾವ ಟ್ಯೂನಾ ಹಿಡಿಯಲು ಹೋದ ಮೀನುಗಾರ. ಅಪರಿಚಿತ ದೋಣಿಯ ಸುದ್ದಿ ಅವನ ಬಾಯಿಂದ ಬರಬೇಕಾದರೆ ಅವನಿಗೆ ಪೊಲೀಸರ ಮೇಲೆ ನಂಬಿಕೆ ಇರಬೇಕು. ಸಮುದಾಯ ಪೊಲೀಸಿಂಗಿನ ಉಪಯೋಗವೆಲ್ಲ ಈ ಒಂದು ಮಾತಿನಲ್ಲಿದೆ.

2021ರ ಗದ್ದಲ

ಈ ನಂಬಿಕೆಯನ್ನೇ ಪರೀಕ್ಷೆಗೊಡ್ಡಿದ ವರ್ಷ 2021. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಹೊಸ ಆಡಳಿತಾಧಿಕಾರಿಯಾಗಿ ಪ್ರಫುಲ್ ಖೋಡಾ ಪಟೇಲ್ ಅಧಿಕಾರ ವಹಿಸಿಕೊಂಡಿದ್ದರು. ಕೆಲವೇ ತಿಂಗಳುಗಳಲ್ಲಿ ಹಲವು ಕರಡು ನಿಯಮಾವಳಿಗಳು ಹೊರಬಂದವು. ಅವುಗಳಲ್ಲೊಂದು ಸಮಾಜವಿರೋಧಿ ಚಟುವಟಿಕೆಗಳ ತಡೆಗೆ ಸಂಬಂಧಿಸಿದ್ದು. ವಿಚಾರಣೆಯಿಲ್ಲದೆ ಒಬ್ಬನನ್ನು ಒಂದು ವರ್ಷದವರೆಗೆ ಬಂಧನದಲ್ಲಿಡಲು ಅದು ಅವಕಾಶ ಕೊಡುತ್ತಿತ್ತು. ಇದನ್ನು ಜನ ಕರೆದದ್ದು 'ಗೂಂಡಾ ಕಾಯ್ದೆ' ಎಂದು. ಕರ್ನಾಟಕದಲ್ಲೂ ಇಂಥ ಕಾಯ್ದೆ 1985ರಿಂದ ಇದೆ. ಮಹಾನಗರದ ರೌಡಿಗಳು, ಕಳ್ಳಭಟ್ಟಿಯವರು, ಜೂಜಿನ ಅಡ್ಡೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಕಾಯ್ದೆಗಳಿವು. ಎಲ್ಲರಿಗೂ ಎಲ್ಲರೂ ಗೊತ್ತಿರುವ ದ್ವೀಪದಲ್ಲಿ ಗೂಂಡಾ ಎಂದರೆ ಯಾರು ಎಂಬ ಪ್ರಶ್ನೆ ಎದ್ದಿತು. ಜೊತೆಯಲ್ಲೇ ಬಂದ ಭೂಮಿ ಅಭಿವೃದ್ಧಿಯ ಕರಡನ್ನು ವಿರೋಧಿಸುವವರ ಮೇಲೆ ಇದನ್ನು ಬಳಸಲಾಗುತ್ತದೆ ಎಂಬ ಭಯ ಹರಡಿತು. ಮಾದಕವಸ್ತುಗಳ ಸಾಗಣೆ ಹೆಚ್ಚುತ್ತಿದೆ, ಯುವಕರನ್ನು ಅದರಿಂದ ಕಾಪಾಡಲು ಕಠಿಣ ಕಾನೂನು ಬೇಕು ಎಂಬುದು ಆಡಳಿತದ ವಾದ.

ಎರಡು ಪಟ್ಟಿಗಳು ಮತ್ತೆ ಎದುರುಬದುರಾದವು. ಇನ್ನೂ ವಿಚಿತ್ರವಾದದ್ದು ಮೀನುಗಾರರಿಗೆ ಸಂಬಂಧಿಸಿದ ಆದೇಶ. ಗುಪ್ತ ಮಾಹಿತಿ ಸಂಗ್ರಹಕ್ಕಾಗಿ ಸ್ಥಳೀಯ ಮೀನುಗಾರಿಕಾ ದೋಣಿಗಳಲ್ಲಿ ಸರ್ಕಾರಿ ನೌಕರರು ಜೊತೆಗೆ ಹೋಗಬೇಕೆಂದು ಆ ವರ್ಷದ ಮೇ ತಿಂಗಳಲ್ಲಿ ಆದೇಶ ಹೊರಟಿತು. ಕಡಲಿನ ಅಲೆಗೆ ಹೊಟ್ಟೆ ತೊಳಸುವ ಗುಮಾಸ್ತ ದೋಣಿಯಲ್ಲಿ ಕುಳಿತು ಏನು ಕಾಣಬಲ್ಲ? ಅದಕ್ಕಿಂತ ಮುಖ್ಯವಾಗಿ, ಸರ್ಕಾರದ ಕಣ್ಣಾಗಬೇಕಾಗಿದ್ದ ಮೀನುಗಾರನನ್ನೇ ಆ ಆದೇಶ ಸಂಶಯದ ಸಾಲಿನಲ್ಲಿ ನಿಲ್ಲಿಸಿತು. ವಿರೋಧ ಬಲವಾದಾಗ ಜೂನ್ ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಮೇ 31ರಂದು ಕೇರಳ ವಿಧಾನಸಭೆ ದ್ವೀಪವಾಸಿಗಳ ಪರವಾಗಿ ಒಮ್ಮತದ ನಿರ್ಣಯ ಕೈಗೊಂಡಿತು. ಜೂನ್ 7ರಂದು ದ್ವೀಪದವರು ತಮ್ಮ ತಮ್ಮ ಮನೆಗಳ ಮುಂದೆ ಉಪವಾಸ ಕುಳಿತರು.

ಈ ಗದ್ದಲದ ಬೇರು ಒಬ್ಬ ಅಧಿಕಾರಿಯ ಸ್ವಭಾವಕ್ಕಿಂತ ಆಳದಲ್ಲಿದೆ. ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ದೆಹಲಿ ನೇಮಿಸುವ ಆಡಳಿತಾಧಿಕಾರಿಯ ಕೈಯಲ್ಲೇ ಪೊಲೀಸರೂ ಇದ್ದಾರೆ. ಜನರ ಮಾತಿಗೆ ಇರುವ ಬಾಗಿಲುಗಳು ಎರಡೇ. ಲೋಕಸಭೆಯ ಒಬ್ಬ ಸದಸ್ಯ, ಮತ್ತು 1994ರ ನಿಯಮಾವಳಿಯಂತೆ ರಚನೆಯಾದ ಪಂಚಾಯತಿಗಳು. 2017ರ ಡಿಸೆಂಬರಿನಲ್ಲಿ ಚುನಾಯಿತವಾದ ಪಂಚಾಯತಿಗಳ ಅವಧಿ ಮುಗಿದಾಗ ಕೂಡಲೇ ಹೊಸ ಚುನಾವಣೆ ನಡೆಯಲಿಲ್ಲ. ಎರಡರಲ್ಲಿ ಒಂದು ಬಾಗಿಲು ಹಾಗೆ ಮುಚ್ಚಿಕೊಂಡಿತು. 2025ರ ಜುಲೈಯಲ್ಲಿ ಬಿತ್ರ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾವ ಹೊರಬಿದ್ದಾಗಲೂ ಅದೇ ಪ್ರಶ್ನೆ ಕೇಳಿಬಂತು. 2011ರಲ್ಲಿ ಅಲ್ಲಿದ್ದ ಜನ 271 ಮಾತ್ರ. ಅಷ್ಟು ಮಂದಿಯ ಮಾತನ್ನು ಯಾರು, ಎಲ್ಲಿ ಕೇಳಬೇಕು?

ಪಿಟ್‌ಕೇರ್ನ್‌ನ ಎಚ್ಚರಿಕೆ

ಹಾಗಾದರೆ ದ್ವೀಪದ ಕಾವಲನ್ನು ಪೂರ್ತಿಯಾಗಿ ದ್ವೀಪದವರಿಗೇ ಬಿಟ್ಟುಬಿಡಬೇಕೆ? ಇದಕ್ಕೆ ಉತ್ತರ ಕೊಡುವ ಮುನ್ನ ಜಗತ್ತಿನ ಇನ್ನೊಂದು ಮೂಲೆಯ ಕಥೆಯನ್ನು ನೋಡಬೇಕು. ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ಬ್ರಿಟನ್ನಿಗೆ ಸೇರಿದ ಪುಟ್ಟ ದ್ವೀಪ. 'ಬೌಂಟಿ' ಹಡಗಿನಲ್ಲಿ ದಂಗೆಯೆದ್ದ ನಾವಿಕರು ತಹೀತಿಯ ಹೆಂಗಸರು, ಗಂಡಸರೊಡನೆ 1790ರಲ್ಲಿ ಬಂದು ನೆಲೆಸಿದ ಜಾಗ. ಅವರ ವಂಶದವರು 1838ರಷ್ಟು ಹಿಂದೆಯೇ ಹೆಂಗಸರಿಗೂ ಮತ ಕೊಟ್ಟು ತಮ್ಮ ನ್ಯಾಯಾಧಿಕಾರಿಯನ್ನು ಆರಿಸಿಕೊಳ್ಳುತ್ತಿದ್ದರು. ಕಾವಲುಗಾರನೂ ಅವರಲ್ಲೇ ಒಬ್ಬ. ಹೊರಗಿನವರ ಕಣ್ಣಿಗೆ ಅದೊಂದು ನಂದನವನ.

1999ರಲ್ಲಿ ಇಂಗ್ಲೆಂಡಿನ ಕೆಂಟ್ ಕೌಂಟಿಯಿಂದ ಸ್ಥಳೀಯ ಕಾವಲುಗಾರನಿಗೆ ತರಬೇತಿ ಕೊಡಲು ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಬಂದರು. ಬಾಲಕಿಯರ ಮೇಲೆ ನಡೆಯುತ್ತಿದ್ದ ಅತ್ಯಾಚಾರದ ದೂರು ಮೊದಲ ಬಾರಿಗೆ ಹೊರಬಿತ್ತು. ತನಿಖೆ ಹಿಂದಕ್ಕೆ ಹೋದಷ್ಟೂ ದಶಕಗಳ ಕಥೆ ಬಿಚ್ಚಿಕೊಂಡಿತು. 50ಕ್ಕೂ ಕಡಿಮೆ ಜನರ ಆ ದ್ವೀಪದಲ್ಲಿ 2004ರಲ್ಲಿ ನ್ಯಾಯಾಲಯ ಕುಳಿತು, ಆರೋಪ ಹೊತ್ತ ಏಳು ಗಂಡಸರಲ್ಲಿ ಆರು ಮಂದಿಯನ್ನು ದೋಷಿಗಳೆಂದು ತೀರ್ಮಾನಿಸಿತು. ಅವರಲ್ಲಿ ಆಗಿನ ಮೇಯರೂ ಇದ್ದರು. 2006ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಅಷ್ಟು ವರ್ಷ ಆ ಮಕ್ಕಳು ಬಾಯಿಬಿಡದಿದ್ದುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ದೂರು ಕೊಡಬೇಕಾದ ಮನುಷ್ಯ ಆರೋಪಿಯ ನಂಟನೇ ಆಗಿರುವಲ್ಲಿ, ಊರ ಸಭೆ ತಯಾರಿಸುವ ಆದ್ಯತೆಗಳ ಪಟ್ಟಿಯಲ್ಲಿ ಅಂಥ ದೂರಿಗೆ ಜಾಗವೇ ಇರುವುದಿಲ್ಲ.

ಪಿಟ್‌ಕೇರ್ನ್‌ನ ಮಕ್ಕಳು, ಅಮಿನಿಯ ಕಾಲದ ಮರ ಹತ್ತುವವನು ಹೇಳುವ ಮಾತು ಒಂದೇ. ಹತ್ತಿರದ ಕಾವಲುಗಾರನಿಗೆ ಎಲ್ಲವೂ ಗೊತ್ತಿರುತ್ತದೆ, ಆದರೆ ಎಲ್ಲವನ್ನೂ ಆತ ಕೇಳಿಸಿಕೊಳ್ಳಲಾರ. ದೂರದ ಕಾವಲುಗಾರ ಯಾರ ಹಂಗಿಗೂ ಒಳಗಾಗದವನು, ಆದರೆ ಅವನಿಗೆ ಏನೂ ಗೊತ್ತಿರುವುದಿಲ್ಲ. ಮಣೆಗಾರನ ಪಕ್ಕದಲ್ಲಿ ಹಿರಿಯರನ್ನು ಕೂರಿಸಿದ ಹಳೆಯ ಏರ್ಪಾಡು ಈ ಎರಡನ್ನೂ ಸೇರಿಸುವ ಒಂದು ಪ್ರಯತ್ನವಾಗಿತ್ತು. ಅದರ ದೋಷವೆಂದರೆ ಆ ಜಮಖಾನದ ಮೇಲೆ ಕೆಲವರಿಗೆ ಮಾತ್ರ ಜಾಗ ಸಿಕ್ಕಿತ್ತು. ಇಂದು ಆ ಜಾಗ ಮೀನುಗಾರನಿಗೆ, ಹುರಿ ಹೊಸೆಯುವ ಹೆಂಗಸಿಗೆ, ಶಾಲೆಯ ಹುಡುಗಿಗೆ ಸಿಗಬೇಕು. ಅವರ ದೂರು ಸಭೆಗೆ ಹಿಡಿಸದಿದ್ದರೆ ಒಯ್ಯಲು ಹೊರಗೊಂದು ಬಾಗಿಲು ಇರಬೇಕು. ಆ ಬಾಗಿಲ ಆಚೆ ಕುಳಿತವನು ದ್ವೀಪದವರನ್ನೆಲ್ಲ ಗೂಂಡಾಗಳೆಂದು ಮೊದಲೇ ತೀರ್ಮಾನಿಸಿಕೊಂಡಿರಬಾರದು.

ಇಲಿ ಬೇಟೆಯ ಕರೆಗೆ ದ್ವೀಪವೆಲ್ಲ ಓಗೊಟ್ಟದ್ದು ದಂಡದ ಭಯದಿಂದ ಮಾತ್ರವಲ್ಲ. ಇಲಿ ಯಾರ ಶತ್ರು ಎಂಬುದರ ಬಗ್ಗೆ ಅಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಯಾವ ಕಾನೂನಿನ ಹಿಂದೆ ಅಂಥ ಒಮ್ಮತ ಇದೆಯೋ ಅದನ್ನು ಕಾಯಲು ಹೆಚ್ಚು ಪೊಲೀಸರು ಬೇಕಾಗುವುದಿಲ್ಲ.